ಕೆಂಪು, ಹಸಿರಿನ ನಡುವೆ ಬಗ್ಗಡ ಯಾಕೆ? ಫ್ರ್ಯಾಕ್ಟಲ್ ಚಿತ್ರಕ್ಕೆ ಬಣ್ಣ ಹಾಕುವ ಹೊಸ ಟೂಲ್‌ಗಳು

[ಪರದೆ: ಕಪ್ಪು ಹಿನ್ನೆಲೆಯಲ್ಲಿ ಜರಿಗಿಡದ ಒಂದು ಎಲೆ. ಬುಡ ಹಸಿರು, ತುದಿ ಕೆಂಪು.]

ಈ ಎಲೆಯ ನಡುಭಾಗ ನೋಡಿ. ಬುಡದಲ್ಲಿ ಒಳ್ಳೆ ಹಸಿರು ಇದೆ. ತುದಿಯಲ್ಲಿ ಒಳ್ಳೆ ಕೆಂಪು ಇದೆ. ನಡುವೆ ಮಾತ್ರ ಮಳೆಗಾಲದ ತುಂಗೆಯ ಹಾಗೆ ಬಗ್ಗಡ. ನಾನು ಹಾಕಿದ್ದು ಎರಡೇ ಬಣ್ಣ. ಈ ಮೂರನೆಯದು ಎಲ್ಲಿಂದ ಬಂತು?

ನಮಸ್ಕಾರ. ಶಿವಮೊಗ್ಗದಿಂದ ಮಾತಾಡುತ್ತಿದ್ದೇನೆ. ಹೊರಗೆ ಮಳೆ ಹಿಡಿದಿದೆ. ಹಿಂದೆ ಸದ್ದು ಕೇಳಿದರೆ ಅದು ಹಂಚಿನ ಮೇಲೆ ಬೀಳುತ್ತಿರುವ ನೀರು.

ಇದು ಫೋಟೋ ಅಲ್ಲ, ಕೈಯಲ್ಲಿ ಬರೆದದ್ದೂ ಅಲ್ಲ. ಲೆಕ್ಕದಿಂದ ಹುಟ್ಟಿದ ಫ್ರ್ಯಾಕ್ಟಲ್ ಚಿತ್ರ, ಅಂದರೆ ಒಂದೇ ಆಕಾರ ಸಣ್ಣದಾಗಿ ತನ್ನೊಳಗೇ ಮತ್ತೆ ಮತ್ತೆ ಬರುವ ಚಿತ್ರ. ನೆಂಟರ ಹೊಸ ಮನೆಗೆ ಕೊಡೋಣ ಅಂತ ಹೋದ ವರ್ಷ ಮಾಡಿದ್ದೆ. ನಮ್ಮ ಕಡೆ ಕೆಲವು ಜಾತಿಯ ಜರಿಗಿಡದ ಎಳೆ ಎಲೆ ಕೆಂಪಾಗಿರುತ್ತದೆ, ಬಲಿತ ಮೇಲೆ ಹಸಿರಾಗುತ್ತದೆ. ಅದನ್ನೇ ತರಬೇಕು ಅಂತಿತ್ತು. ಎರಡು ಅಡಿ ಅಗಲ, ಮೂರು ಅಡಿ ಎತ್ತರದ ಪ್ರಿಂಟ್ ತೆಗೆಸಿದೆ. ಬಿಚ್ಚಿ ನೋಡಿದರೆ ಎಲೆಯ ಅರ್ಧ ಭಾಗ ಕಂದು ಬಣ್ಣಕ್ಕೆ ತಿರುಗಿ ಕಪ್ಪಿನಲ್ಲಿ ಮುಳುಗಿ ಹೋಗಿತ್ತು. ಅಂಗಡಿಯವರು "ಸರ್, ನಿಮ್ಮ ಫೈಲ್‌ನಲ್ಲೇ ಹಂಗಿದೆ" ಅಂದರು. ಅವರು ಹೇಳಿದ್ದು ಸರಿ. ಮನೆಗೆ ಬಂದು ಪರದೆಯ ಬೆಳಕು ಕಡಿಮೆ ಮಾಡಿ ನೋಡಿದೆ. ಅಲ್ಲೂ ಅದೇ ಕತೆ.

ಆ ಪ್ರಿಂಟ್ ಸರಿಮಾಡಲು ಹೋಗಿ ನಾನು ಕಲಿತದ್ದನ್ನು ಇವತ್ತು ತೋರಿಸುತ್ತೇನೆ.

[ಪರದೆ: ಮ್ಯಾಂಡೆಲ್‌ಬ್ರಾಟ್ ಸೆಟ್]

ಮೊದಲು ಒಂದು ಪ್ರಶ್ನೆ. ಫ್ರ್ಯಾಕ್ಟಲ್‌ನಲ್ಲಿ ಬಣ್ಣ ಅಂದರೆ ಏನು? ಹೂವಿಗೆ ಬಣ್ಣ ಇದ್ದ ಹಾಗೆ ಇದಕ್ಕೆ ಸ್ವಂತ ಬಣ್ಣ ಇಲ್ಲ. ಇರುವುದು ಬರೀ ಸಂಖ್ಯೆ.

ಫ್ರ್ಯಾಕ್ಟಲ್ ಅನ್ನುವ ಹೆಸರು ಕೊಟ್ಟವರು ಬೆನ್ವಾ ಮ್ಯಾಂಡೆಲ್‌ಬ್ರಾಟ್, 1975ರಲ್ಲಿ. ಅವರ ಹೆಸರಿನ ಈ ಆಕಾರದ ಲೆಕ್ಕ ಬಹಳ ಸಣ್ಣದು. ಚಿತ್ರದ ಪ್ರತಿ ಚುಕ್ಕೆಗೂ ಅದರದೇ ಒಂದು ಸಂಖ್ಯೆ ಇರುತ್ತದೆ. ಸೊನ್ನೆಯಿಂದ ಶುರು ಮಾಡಿ. ಕೈಯಲ್ಲಿರುವ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಆ ಚುಕ್ಕೆಯ ಸಂಖ್ಯೆ ಕೂಡಿಸಿ. ಬಂದದ್ದಕ್ಕೆ ಮತ್ತೆ ಅದನ್ನೇ ಮಾಡಿ. 2 ದಾಟಿತು ಅಂದರೆ ಅದು ಇನ್ನು ವಾಪಸ್ ಬರುವುದಿಲ್ಲ, ಓಡಿಹೋಯಿತು ಅಂತ ಲೆಕ್ಕ.

ಮಾಡಿಯೇ ನೋಡೋಣ. ಕೂಡಿಸುವ ಸಂಖ್ಯೆ 1 ಆದರೆ 1, 2, 5. ಮೂರನೇ ಹೆಜ್ಜೆಗೇ ದಾಟಿತು. 0.3 ಆದರೆ ನಿಧಾನ. 0.3, 0.39, 0.45 ಅಂತ ತೆವಳಿಕೊಂಡು ಹೋಗಿ, ಹನ್ನೆರಡನೇ ಹೆಜ್ಜೆಗೆ 2.19 ಆಗುತ್ತದೆ. ಮೈನಸ್ 1 ಆದರೆ ಮೈನಸ್ 1, 0, ಮೈನಸ್ 1, 0. ಎಷ್ಟು ಹೊತ್ತಾದರೂ ಅಲ್ಲಲ್ಲೇ.

ಹಾಗಾಗಿ ಮೊದಲ ಚುಕ್ಕೆಗೆ 3ನೇ ನಂಬರಿನ ಬಣ್ಣ, ಎರಡನೆಯದಕ್ಕೆ 12ನೇ ನಂಬರಿನ ಬಣ್ಣ, ಓಡದೇ ಉಳಿದ ಮೂರನೆಯದಕ್ಕೆ ಕಪ್ಪು. ಇಷ್ಟೇ. ಆ 3ನೇ ನಂಬರು ನೀಲಿಯೋ ಕೇಸರಿಯೋ ಅನ್ನುವುದು ಪೂರ್ತಿ ನಿಮ್ಮ ಕೈಯಲ್ಲಿದೆ. ಲೆಕ್ಕ ಯಾರು ಮಾಡಿದರೂ ಒಂದೇ. ಬಣ್ಣದಲ್ಲಿ ಮಾತ್ರ ನೀವು ಯಾರು ಅಂತ ಗೊತ್ತಾಗುತ್ತದೆ. ಅದಕ್ಕೇ ನನಗೆ ಈ ವಿಷಯದ ಮೇಲೆ ಇಷ್ಟು ಪ್ರೀತಿ.

1988ರಲ್ಲಿ ಶುರುವಾದ ಫ್ರ್ಯಾಕ್ಟಿಂಟ್ ಎಂಬ ಉಚಿತ ಪ್ರೋಗ್ರಾಂನಲ್ಲಿ ಈ ಕೆಲಸಕ್ಕೆ 256 ಬಣ್ಣಗಳ ಒಂದು ಪಟ್ಟಿ ಇರುತ್ತಿತ್ತು. ಸಾಲಿಗೆ ಮೂರು ಅಂಕೆ, ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಅಂತ. ಆಮೇಲೆ ಎಳೆದು ಜರುಗಿಸುವ ಪಾಯಿಂಟ್‌ಗಳು ಬಂದವು. ಎರಡು ತುದಿಗೆ ಎರಡು ಬಣ್ಣ ಇಟ್ಟರೆ ನಡುವಿನದನ್ನು ಸಾಫ್ಟ್‌ವೇರ್ ತುಂಬುತ್ತದೆ. ಅದೇ ಗ್ರೇಡಿಯಂಟ್. ನನ್ನ ಬಗ್ಗಡ ಹುಟ್ಟಿದ್ದು ಇಲ್ಲೇ.

[ಪರದೆ: ಬಣ್ಣದ ಪಟ್ಟಿ, ಮೂರು ಪಾಯಿಂಟ್‌ಗಳ ಮೇಲೆ ಅಂಕೆಗಳು]

ನನ್ನ ಕೆಂಪು 176, 42, 30. ಅಂಗಳದ ಕೆಮ್ಮಣ್ಣಿನ ಬಣ್ಣ. ನನ್ನ ಹಸಿರು 40, 130, 50. ಈಗ ಸರಾಸರಿ ತೆಗೆಯಿರಿ. 108, 86, 40. ನೋಡಿ, ಇದೇ ಆ ಕೊಳಕು ಕಂದು. ಸಾಫ್ಟ್‌ವೇರ್ ತಪ್ಪು ಮಾಡಿಲ್ಲ, ಸುಮ್ನೆ ಕೂಡಿಸಿ ಭಾಗಿಸಿದೆ.

ಆದರೆ ಆ ಅಂಕೆಗಳು ಬೆಳಕಿನ ಅಳತೆ ಅಲ್ಲ. ಪರದೆಗೆ 255 ಕೊಟ್ಟರೆ ಪೂರ್ತಿ ಬೆಳಕು. 128 ಕೊಟ್ಟರೆ ಅರ್ಧ ಬೆಳಕು ಬರಬೇಕಲ್ವಾ? ಬರುವುದು ಶೇ 22ರಷ್ಟು ಮಾತ್ರ. ಅರ್ಧ ಬೆಳಕು ಬೇಕಾದರೆ 188 ಕೊಡಬೇಕು. ಹಾಗಾಗಿ ಅಂಕೆಗಳ ನಡುವೆ ಸರಾಸರಿ ತೆಗೆದಾಗಲೆಲ್ಲ ಬೆಳಕು ಸೋರಿಹೋಗುತ್ತದೆ. ನನ್ನ ಮೂರು ಬಣ್ಣಗಳ ಬೆಳಕನ್ನು ಲೆಕ್ಕ ಹಾಕಿ ನೋಡಿದೆ. ಬಿಳಿಯನ್ನು 100 ಅಂತ ಇಟ್ಟುಕೊಂಡರೆ ಕೆಂಪು 11, ಹಸಿರು 17, ನಡುವಿನ ಕಂದು 10. ಎರಡು ತುದಿಗಿಂತಲೂ ನಡುವೆಯೇ ಕತ್ತಲೆ! ಕಪ್ಪು ಹಿನ್ನೆಲೆ ಮೇಲೆ ಅದು ಮುಳುಗದೆ ಇನ್ನೇನು?

ಹೊಸ ಬಣ್ಣದ ಟೂಲ್‌ಗಳು ಬಂದಿರುವುದು ಈ ಜಾಗಕ್ಕೇ. ಎರಡು ಬಣ್ಣಗಳ ನಡುವೆ ಯಾವ ದಾರಿಯಲ್ಲಿ ಹೋಗಬೇಕು ಅಂತ ಈಗ ನಾವು ಆರಿಸಬಹುದು. ಚಿತ್ರ ತಿದ್ದಲು ಉಚಿತವಾಗಿ ಸಿಗುವ ಗಿಂಪ್ ಸಾಫ್ಟ್‌ವೇರ್‌ನಲ್ಲೇ ಪ್ರಯೋಗ ಮಾಡಿ. ಅದರ ಗ್ರೇಡಿಯಂಟ್ ಟೂಲ್‌ನಲ್ಲಿ ಬಣ್ಣ ಬೆರೆಸುವ ವಿಧಾನ ಬದಲಿಸುವ ಒಂದು ಆಯ್ಕೆ ಇದೆ. ಮಾಮೂಲಿ ಆರ್‌ಜಿಬಿ (ಕೆಂಪು, ಹಸಿರು, ನೀಲಿಯ ಅಂಕೆಗಳು) ಒಂದು, ಬೆಳಕಿನ ಲೆಕ್ಕದ ಆರ್‌ಜಿಬಿ ಇನ್ನೊಂದು, ಲ್ಯಾಬ್ ಅನ್ನುವುದು ಮತ್ತೊಂದು. ಲ್ಯಾಬ್ ನಮ್ಮ ಕಣ್ಣಿಗೆ ಕಾಣುವ ಹಾಗೆ ಬಣ್ಣ ಅಳೆಯುವ ಪದ್ಧತಿ. ಒಂದು ಅಂಕೆ ಬರೀ ಬೆಳಕಿಗೆ, ಉಳಿದ ಎರಡು ಬಣ್ಣಕ್ಕೆ.

ಇದೇ ಸಾಲಿನಲ್ಲಿ 2020ರ ಡಿಸೆಂಬರ್‌ನಲ್ಲಿ ಬ್ಯೋರ್ನ್ ಒಟ್ಟೊಸನ್ ಎಂಬವರು ಓಕೆಲ್ಯಾಬ್ ಪ್ರಕಟಿಸಿದರು. ಕೆಲವೇ ಸಾಲಿನ ಲೆಕ್ಕ, ಯಾರು ಬೇಕಾದರೂ ಬಳಸಬಹುದು. ಈಗ ಫೋಟೋಶಾಪ್‌ನ ಗ್ರೇಡಿಯಂಟ್‌ನಲ್ಲೂ ಇದೆ, ವೆಬ್ ಪುಟಗಳ ಅಂದ ನಿರ್ಧರಿಸುವ ಸಿಎಸ್‌ಎಸ್‌ನಲ್ಲೂ ಇದೆ. ಅಪ್ಪಟ ಕೆಂಪು ಮತ್ತು ಅಪ್ಪಟ ಹಸಿರನ್ನು ಮಾಮೂಲಿ ದಾರಿಯಲ್ಲಿ ಬೆರೆಸಿದರೆ ನಡುವೆ ಮಸಿ ಹಿಡಿದ ಹಸಿರುಗಂದು ಬರುತ್ತದೆ. ಓಕೆಲ್ಯಾಬ್ ದಾರಿಯಲ್ಲಿ ಬೆರೆಸಿದರೆ ಗಟ್ಟಿ ಅರಿಶಿನದ ಬಣ್ಣ ಬರುತ್ತದೆ.

[ಪರದೆ: ಎರಡು ಪಟ್ಟಿ, ಒಂದರ ಕೆಳಗೆ ಒಂದು. ಎರಡು ಕ್ಷಣ ಮಾತಿಲ್ಲ, ಮಳೆಯ ಸದ್ದು ಮಾತ್ರ.]

ನಿಮ್ಮ ಫ್ರ್ಯಾಕ್ಟಲ್ ಸಾಫ್ಟ್‌ವೇರ್‌ನಲ್ಲಿ ಈ ಆಯ್ಕೆ ಇಲ್ವಾ? ಚಿಂತೆ ಬೇಡ. ಬೇರೆ ಕಡೆ ಒಳ್ಳೆ ಗ್ರೇಡಿಯಂಟ್ ಮಾಡಿ, ಅದರಿಂದ ಐದಾರು ಬಣ್ಣ ಎತ್ತಿ, ಇಲ್ಲಿ ಐದಾರು ಪಾಯಿಂಟ್ ಇಡಿ. ಪಾಯಿಂಟ್‌ಗಳು ಹತ್ತಿರ ಹತ್ತಿರ ಇದ್ದರೆ ಬಗ್ಗಡಕ್ಕೆ ಜಾಗವೇ ಸಿಗುವುದಿಲ್ಲ.

ಇನ್ನು ಬೆಳಕು. ಇದನ್ನು ನಾನು ಸಾಫ್ಟ್‌ವೇರ್‌ನಿಂದ ಕಲಿಯಲಿಲ್ಲ, ಗೋಡೆಯಿಂದ ಕಲಿತೆ. ಸಾಗರ, ಸೊರಬದ ಕಡೆ ದೀವರ ಮನೆಗಳಲ್ಲಿ ಹೆಂಗಸರು ಬರೆಯುವ ಹಸೆ ಚಿತ್ತಾರ ನೋಡಿದ್ದೀರಲ್ವಾ? ಬಿಳಿಗೆ ಅಕ್ಕಿ ಹಿಟ್ಟು, ಕೆಂಪಿಗೆ ಕೆಮ್ಮಣ್ಣು, ಕಪ್ಪಿಗೆ ಕರಿಯಾಗುವ ತನಕ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದು. ನಾಲ್ಕೇ ಬಣ್ಣ. ಕೆಂಪು ಗೋಡೆಯ ಮೇಲೆ ಬಿಳಿ ಗೆರೆ ಎಳೆದರೆ ದೀಪದ ಬೆಳಕಿನಲ್ಲೂ ಕಾಣುತ್ತದೆ. ಅದರ ಫೋಟೋ ತೆಗೆದು ಕಪ್ಪು ಬಿಳುಪು ಮಾಡಿ ನೋಡಿ. ಒಂದು ಎಳೆಯೂ ಕಳೆದುಹೋಗುವುದಿಲ್ಲ. ಚಿತ್ತಾರಗಿತ್ತಿಯರಿಗೆ ಯಾವ ಬಣ್ಣದ ಮೇಲೆ ಯಾವುದು ನಿಲ್ಲುತ್ತದೆ ಅಂತ ಕೈಗೇ ಗೊತ್ತು.

ನನ್ನ ಜರಿ ಎಲೆಯನ್ನು ಕಪ್ಪು ಬಿಳುಪು ಮಾಡಿದೆ. ಇಡೀ ಎಲೆ ಒಂದೇ ಬೂದಿ. 11, 10, 17. ಕೆಂಪು ಹಸಿರು ಅಂತ ಬೇರೆ ಮಾಡಿದ್ದು ಬಣ್ಣದಲ್ಲಿ ಮಾತ್ರ, ಬೆಳಕಿನಲ್ಲಿ ಬೇರೆ ಮಾಡಿರಲೇ ಇಲ್ಲ. ಇದರಲ್ಲಿ ಕಣ್ಣಿನ ಪಾತ್ರವೂ ಇದೆ. ಪರದೆಯ ಬಿಳಿ ಬಣ್ಣದಲ್ಲಿ ನಮಗೆ ಕಾಣುವ ಬೆಳಕಿನ ಶೇ 72ರಷ್ಟು ಹಸಿರಿನಿಂದ ಬರುತ್ತದೆ. ಕೆಂಪಿನಿಂದ ಶೇ 21, ನೀಲಿಯಿಂದ ಬರೀ ಶೇ 7. ಹಾಗಾಗಿ ಅಂಕೆಯಲ್ಲಿ ನೀಲಿ ಎಷ್ಟೇ ಜಾಸ್ತಿ ಮಾಡಿದರೂ ಚಿತ್ರ ಬೆಳಗುವುದಿಲ್ಲ.

ಅದಕ್ಕೆ ಈಗ ನಾನು ಮೊದಲು ಬಣ್ಣದ ಕಡೆ ನೋಡುವುದೇ ಇಲ್ಲ. ಅಲ್ಟ್ರಾ ಫ್ರ್ಯಾಕ್ಟಲ್ ಎಂಬ ಫ್ರ್ಯಾಕ್ಟಲ್ ಸಾಫ್ಟ್‌ವೇರ್‌ನ ಗ್ರೇಡಿಯಂಟ್ ಎಡಿಟರ್‌ನಲ್ಲಿ ಬಣ್ಣ, ಅದರ ಗಾಢತೆ, ಬೆಳಕು ಇವಕ್ಕೆ ಬೇರೆ ಬೇರೆ ಗೆರೆ ತೋರಿಸುತ್ತದೆ. ಬೆಳಕಿನ ಗೆರೆಯನ್ನು ಮೊದಲು ಸರಿಮಾಡುತ್ತೇನೆ. ಆದರೆ ಆ ಗೆರೆಯನ್ನು ಪೂರ್ತಿ ನಂಬಬೇಡಿ. ಅಲ್ಲಿ ಹಳದಿಗೂ ನೀಲಿಗೂ ಒಂದೇ ಎತ್ತರ ತೋರಿಸಿದರೂ ಕಣ್ಣಿಗೆ ಹಳದಿ ಬಹಳ ಬೆಳ್ಳಗೆ ಕಾಣುತ್ತದೆ. ಕಪ್ಪು ಬಿಳುಪು ಮಾಡಿ ಒಮ್ಮೆ ನೋಡಿಯೇ ಮುಂದೆ ಹೋಗಿ.

[ಪರದೆ: ಜರಿ ಎಲೆ, ಚುಕ್ಕೆ ಚುಕ್ಕೆಯಾಗಿ ತುಂಬುತ್ತದೆ]

ಈಗ ನನಗೆ ಬಹಳ ಇಷ್ಟವಾದ ಭಾಗ. ಈ ಎಲೆಯ ಮೂಲ ಲೆಕ್ಕ ಮೈಕೆಲ್ ಬಾರ್ನ್ಸ್ಲಿ ಎಂಬ ಗಣಿತಜ್ಞರದ್ದು. ನಾಲ್ಕೇ ನಿಯಮ. ಒಂದು ಚುಕ್ಕೆಯನ್ನು ತೆಗೆದುಕೊಂಡು, ನಾಲ್ಕರಲ್ಲಿ ಒಂದು ನಿಯಮವನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಚುಕ್ಕೆಯನ್ನು ಜರುಗಿಸುವುದು. ನೂರರಲ್ಲಿ 85 ಸಲ ದೊಡ್ಡ ನಿಯಮ. ಅದು ಚುಕ್ಕೆಯನ್ನು ಸ್ವಲ್ಪ ಕುಗ್ಗಿಸಿ, ಸ್ವಲ್ಪ ತಿರುಗಿಸಿ, ಒಂದು ಮೆಟ್ಟಿಲು ಮೇಲೆ ಹತ್ತಿಸುತ್ತದೆ. 7 ಸಲ ಎಡಗಡೆಯ ಕಿರು ಎಲೆ, 7 ಸಲ ಬಲಗಡೆಯದು, 1 ಸಲ ದಂಟು.

ನಾನಿದನ್ನು ಅಪೋಫಿಸಿಸ್‌ನಲ್ಲಿ ಮಾಡಿದ್ದೇನೆ. ಇದು ಹೀಗೆ ನಿಯಮಗಳಿಂದ ಚುಕ್ಕೆ ಜರುಗಿಸಿ ಚಿತ್ರ ಮಾಡುವ, ಫ್ಲೇಮ್ ಮಾದರಿಯ ಉಚಿತ ಸಾಫ್ಟ್‌ವೇರ್. ಫ್ಲೇಮ್ ಲೆಕ್ಕವನ್ನು 1992ರಲ್ಲಿ ಶುರುಮಾಡಿದವರು ಸ್ಕಾಟ್ ಡ್ರೇವ್ಸ್. ಅದರಲ್ಲಿ ಪ್ರತಿ ನಿಯಮಕ್ಕೂ ಸೊನ್ನೆಯಿಂದ ಒಂದರ ಒಳಗೆ ಒಂದು ಬಣ್ಣದ ಅಂಕೆ. ಚುಕ್ಕೆ ಒಂದು ನಿಯಮದ ಕೈಗೆ ಸಿಕ್ಕಾಗಲೆಲ್ಲ ತನ್ನ ಹಳೇ ಬಣ್ಣದ ಅರ್ಧ ಉಳಿಸಿಕೊಂಡು, ಆ ನಿಯಮದ ಬಣ್ಣದ ಅರ್ಧ ಪಡೆಯುತ್ತದೆ. ಅಂದರೆ ಚುಕ್ಕೆ ಎಲ್ಲೆಲ್ಲಿ ಓಡಾಡಿ ಬಂತು ಅನ್ನುವುದು ಅದರ ಬಣ್ಣದಲ್ಲೇ ಇರುತ್ತದೆ!

ಎಡ, ಬಲದ ಕಿರು ಎಲೆಗೆ 1 ಕೊಟ್ಟೆ, ಅದು ಹಸಿರಿನ ತುದಿ. ದೊಡ್ಡ ನಿಯಮಕ್ಕೆ 0 ಕೊಟ್ಟೆ, ಅದು ಕೆಂಪಿನ ತುದಿ. ಮೇಲೆ ಹತ್ತಿದ ಹಾಗೆ ಕೆಂಪಾಗುತ್ತದೆ ಅಂತ ಲೆಕ್ಕ. ಆದರೆ ಏನಾಯಿತು ನೋಡಿ. ಒಂದು ಮೆಟ್ಟಿಲು ಹತ್ತಿದರೆ ಹಸಿರು ಅರ್ಧ, ಎರಡು ಹತ್ತಿದರೆ ಕಾಲು, ಮೂರು ಹತ್ತಿದರೆ ಅರೆಕಾಲು. ಬುಡದ ಮೂರು ಜೊತೆ ಎಲೆಯಲ್ಲೇ ಬಣ್ಣದ ಆಟ ಎಲ್ಲಾ ಮುಗಿದು, ಉಳಿದ ಅಷ್ಟೂ ಎಲೆ ಒಂದೇ ಕೆಂಪು.

ಇದಕ್ಕೆ ಔಷಧಿ ಕಲರ್ ಸ್ಪೀಡ್ ಎಂಬ ಅಂಕೆ. ಮೊದಲಿಗೆ ಅದು ಅರ್ಧಕ್ಕರ್ಧ ಬೆರೆಸುವ ಹಾಗೆ ಇರುತ್ತದೆ. ದೊಡ್ಡ ನಿಯಮಕ್ಕೆ ಮಾತ್ರ, ಹೊಸ ಬಣ್ಣ ಹತ್ತರಲ್ಲಿ ಒಂದೇ ಪಾಲು ಸೇರುವ ಹಾಗೆ ಅದನ್ನು ಬದಲಿಸಿ. ಈಗ ಪ್ರತಿ ಮೆಟ್ಟಿಲಿಗೂ ಹತ್ತರಲ್ಲಿ ಒಂಬತ್ತು ಪಾಲು ಹಳೇ ಬಣ್ಣ ಉಳಿಯುತ್ತದೆ. ಹತ್ತು ಮೆಟ್ಟಿಲು ಹತ್ತಿದರೂ ಮೂರರಲ್ಲಿ ಒಂದು ಪಾಲು ಹಸಿರು ಇನ್ನೂ ಇರುತ್ತದೆ. ಬಣ್ಣ ನಿಧಾನಕ್ಕೆ, ಎಲೆಯ ಉದ್ದಕ್ಕೂ ತಿರುಗುತ್ತದೆ.

ಕಿರು ಎಲೆಗಳ ಸ್ಪೀಡ್ ಮಾತ್ರ ಮೊದಲಿದ್ದ ಹಾಗೇ ಬಿಡಿ. ಯಾಕೆ ಅಂದರೆ ಪ್ರತಿ ಕಿರು ಎಲೆಯೂ ಇಡೀ ಎಲೆಯ ನಕಲು. ದೊಡ್ಡ ಎಲೆಯ ತುದಿಯ ಕೆಂಪು ಅರ್ಧ ಉಳಿದುಕೊಂಡು, ಆ ಕಿರು ಎಲೆಯ ತುದಿಗೂ ಬರುತ್ತದೆ.

[ಪರದೆ: ಒಂದು ಕಿರು ಎಲೆಯ ತುದಿ, ಪರದೆ ತುಂಬುವಷ್ಟು ಹತ್ತಿರದಿಂದ]

ಇಲ್ಲಿ ನೋಡಿ. ಈ ಸಣ್ಣ ತುದಿಯಲ್ಲಿ ಚಿಗುರಿನ ಬಣ್ಣ. ಇದನ್ನು ನಾನು ಹಚ್ಚಲಿಲ್ಲ, ಲೆಕ್ಕವೇ ತಂದು ಇಟ್ಟಿತು. ಮೊದಲ ಸಲ ನೋಡಿದ ರಾತ್ರಿ ಎಷ್ಟೋ ಹೊತ್ತು ಇದನ್ನೇ ನೋಡುತ್ತಾ ಕೂತಿದ್ದೆ.

ಫೋಟೋದಿಂದ ಬಣ್ಣ ಎತ್ತುವ ಟೂಲ್ ಕೂಡ ಅಪೋಫಿಸಿಸ್‌ನಲ್ಲಿದೆ. ಒಂದು ಫೋಟೋ ಕೊಟ್ಟರೆ ಅದರ ಬಣ್ಣಗಳನ್ನು ನುಣುಪಾಗಿ ಜೋಡಿಸಿ ಪ್ಯಾಲೆಟ್, ಅಂದರೆ ಬಣ್ಣಗಳ ಪಟ್ಟಿ, ಮಾಡಿಕೊಡುತ್ತದೆ. ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿದ ಕೆಂಪು ರಸದಲ್ಲಿ, ಬೇಯಿಸಿ ಬಿಸಿಲಿಗೆ ಹರಡಿದ ಅಡಿಕೆಯ ಫೋಟೋ ಕೊಟ್ಟು ನೋಡಿ. ತಾಮ್ರ, ಕಡು ಕಂದು, ಮಾಸಲು ಕೆಂಪು, ಎಲ್ಲಾ ಒಂದೇ ಮನೆಯವರ ಹಾಗೆ ಹೊಂದಿಕೊಂಡಿರುತ್ತವೆ. ಸಾಗರದ ಹತ್ತಿರ ಭೀಮನಕೋಣೆಯ ಚರಕ ಮಹಿಳಾ ಸಹಕಾರಿ ಸಂಘದವರು ಬಟ್ಟೆಗೆ ಇದೇ ಚೊಗರಿನ ಬಣ್ಣ ಹಾಕುತ್ತಾರೆ. ಆದರೆ ಫೋಟೋದ ಪ್ಯಾಲೆಟ್‌ನಲ್ಲಿ ಬೆಳಕು ಏರುಪೇರಾಗಿರುತ್ತದೆ. ಅದನ್ನು ಹಾಗೇ ಬಳಸಬೇಡಿ. ನಾಲ್ಕೈದು ಬಣ್ಣ ಆರಿಸಿ, ಕತ್ತಲೆಯಿಂದ ಬೆಳಕಿಗೆ ಸಾಲಾಗಿ ಇಡಿ.

ಮ್ಯಾಂಡೆಲ್‌ಬ್ರಾಟ್ ಮಾಡುವವರಿಗೆ ಒಂದು ಮಾತು. ಅಂಚಿನ ಹತ್ತಿರ ಹೆಜ್ಜೆಗಳ ಎಣಿಕೆ ಸಾವಿರ ದಾಟುತ್ತದೆ, ಪ್ಯಾಲೆಟ್ ಮತ್ತೆ ಮತ್ತೆ ಸುತ್ತುತ್ತದೆ, ಚಿತ್ರ ತುಂಬಾ ರವೆ ಚೆಲ್ಲಿದ ಹಾಗೆ ಚುಕ್ಕೆ. ಅಲ್ಟ್ರಾ ಫ್ರ್ಯಾಕ್ಟಲ್‌ನ ಟ್ರಾನ್ಸ್‌ಫರ್ ಫಂಕ್ಷನ್ ಅನ್ನು ಲಾಗ್‌ಗೆ ಬದಲಿಸಿ. ಆಗ 10ರಿಂದ 100ರ ತನಕ ಎಷ್ಟು ಬಣ್ಣ ಖರ್ಚಾಗುತ್ತದೋ 100ರಿಂದ 1000ದ ತನಕವೂ ಅಷ್ಟೇ.

[ಪರದೆ: ಹಳೇ ಎಲೆ ಎಡಕ್ಕೆ, ಹೊಸ ಎಲೆ ಬಲಕ್ಕೆ]

ನನ್ನ ಹೊಸ ಎಲೆಯ ಅಂಕೆಗಳು ಇವು, ಬರೆದುಕೊಳ್ಳಿ. ಬುಡಕ್ಕೆ 20, 80, 40. ನಡುವೆ 130, 140, 45. ತುದಿಗೆ 240, 140, 105, ಇದು ಎಳೆ ಚಿಗುರಿನ ತಾಮ್ರಗೆಂಪು. ಬೆಳಕು 6, 24, 38 ಅಂತ ಒಂದೇ ಸಮ ಏರುತ್ತದೆ. ಕಪ್ಪು ಬಿಳುಪು ಮಾಡಿದರೂ ಎಲೆ ಎದ್ದು ನಿಲ್ಲುತ್ತದೆ.

ಪ್ರಿಂಟ್‌ಗೆ ಕೊಡುವಾಗ ಒಮ್ಮೆಗೇ ದೊಡ್ಡದು ತೆಗೆಸಬೇಡಿ. ಪರದೆಯ ಹೊಳೆಯುವ ಹಸಿರು ಶಾಯಿಯಲ್ಲಿ ಬರುವುದಿಲ್ಲ, ಕತ್ತಲೆಯ ಭಾಗ ಇನ್ನೂ ಕತ್ತಲೆಯಾಗುತ್ತದೆ. ಅದೇ ಕಾಗದದ ಮೇಲೆ ಎ4 ಅಳತೆಯ ಒಂದು ಸ್ಯಾಂಪಲ್ ತೆಗೆಸಿ, ಹಗಲು ಬೆಳಕಿನಲ್ಲಿ ನೋಡಿ. ಬುಡದ ಹಸಿರು ಕಪ್ಪಾಗಿ ಕಂಡರೆ 80 ಇರುವ ಅಂಕೆಯನ್ನು 95 ಮಾಡಿ ಇನ್ನೊಂದು ತೆಗೆಸಿ. ನಾನು ಮೂರು ಸ್ಯಾಂಪಲ್ ತೆಗೆಸಿದೆ. ಮೂರನ್ನೂ ಈಗ ಕಿಟಕಿ ಹತ್ತಿರ ಹಿಡಿದು ತೋರಿಸುತ್ತೇನೆ.

[ಪರದೆ: ಕಿಟಕಿಯ ಮಳೆ ಬೆಳಕಿನಲ್ಲಿ ಮೂರು ಕಾಗದ, ಒಂದರ ಪಕ್ಕ ಒಂದು]