ಹಗ್ಗ ಹಿಡಿದವಳು

ಕೇಳುಗರಿಗೆಲ್ಲ ನಮಸ್ಕಾರ.

ಬಾದಾಮಿಗೆ ಶಾಲೆ ಟ್ರಿಪ್ ಹೋಗದ ಮಕ್ಕಳು ನಮ್ಮ ಬಾಗಲಕೋಟೆ ಕಡೆ ಯಾರಿದ್ದಾರೆ ಹೇಳಿ? ಗುಹೆ ನೋಡುವುದು, ಅಗಸ್ತ್ಯ ತೀರ್ಥದ ದಂಡೆಯಲ್ಲಿ ಬುತ್ತಿ ಬಿಚ್ಚುವುದು, ಅದರಲ್ಲಿ ಅರ್ಧ ಮಂಗಗಳ ಪಾಲು, ಸಂಜೆ ವಾಪಸ್. ಮಾಸ್ತರನಾಗಿ ನಾನೂ ವರ್ಷಾ ವರ್ಷ ಇದನ್ನೇ ಮಾಡಿದವನು. ಆ ಕೆಂಪು ಬಂಡೆಗಳ ಮುಂದೆ ಎಷ್ಟೋ ಗ್ರೂಪ್ ಫೋಟೊ ತೆಗೆದಿದ್ದೇನೆ. ಬಂಡೆ ಹತ್ತಲು ದೂರದೂರದಿಂದ, ಫಾರಿನ್ನಿಂದಲೂ ಜನ ಬರುತ್ತಾರೆ, ನಮ್ಮ ಮಕ್ಕಳನ್ನೇ ಹತ್ತಿಸಬಹುದು ಅಂತ ಮಾತ್ರ ಹೊಳೆದಿರಲಿಲ್ಲ.

ಒಂದು ಡಿಸೆಂಬರಿನಲ್ಲಿ ತರಬೇತುದಾರರ ಜೊತೆ ಒಂಬತ್ತನೇ ಕ್ಲಾಸಿನ 18 ಮಕ್ಕಳನ್ನು ಕರೆದುಕೊಂಡು ಹೋದೆ. ಹಗ್ಗ ಬಂಡೆಯ ನೆತ್ತಿಗೆ ಹೋಗಿ, ಅಲ್ಲಿ ಕೊಂಡಿಯಲ್ಲಿ ತೂರಿ ಮತ್ತೆ ಕೆಳಗೆ ಬರುತ್ತದೆ. ಒಂದು ತುದಿ ಹತ್ತುವವನ ಸೊಂಟಕ್ಕೆ. ಇನ್ನೊಂದು ನೆಲದ ಮೇಲೆ ನಿಂತವರ ಕೈಯಲ್ಲಿ, ಹಾಗೆ ಹಗ್ಗ ಹಿಡಿದು ಕಾಯುವುದಕ್ಕೆ ಬಿಲೇ ಅಂತಾರೆ. ಮೇಲಿನವನು ಜಾರಿದರೆ ಕೆಳಗಿನವರು ಹಗ್ಗ ಬಿಗಿದು ಹಿಡಿಯಬೇಕು, ಅಷ್ಟೇ. ಹತ್ತುವುದೇ ದೊಡ್ಡ ಸಾಹಸ ಅಂತ ನಾನು ತಿಳಿದಿದ್ದೆ. ಆದರೆ ಆ ದಿನ ಕಂಡಿದ್ದು ಬೇರೆ.

ಕ್ಲಾಸಿನಲ್ಲಿ ಹಾಜರಿಗೂ ಬಾಯಿ ಬಿಡದೆ ಕೈ ಎತ್ತುತ್ತಿದ್ದ ಒಬ್ಬ ಹುಡುಗಿಗೆ ಬಿಲೇ ಮಾಡಲು ಹೇಳಿದರು, ತರಬೇತುದಾರರು ಅವಳ ಹಿಂದೆಯೇ ಹಗ್ಗದ ತುದಿ ಹಿಡಿದು ನಿಂತರು. ಹತ್ತುತ್ತಿದ್ದವನು ಕ್ಲಾಸ್ ಲೀಡರ್, ಜೋರು ಆಸಾಮಿ. ಅರ್ಧಕ್ಕೆ ಹೋದವನೇ ಕೂಗಿದ: ‘ಹಿಡದೀ ಇಲ್ಲೋ?’ ಇವಳು ಕೆಳಗಿಂದ: ‘ಹಿಡದೀನಿ, ನೀ ಹತ್ತು!’ ಅಷ್ಟು ದೊಡ್ಡ ದನಿ ಅವಳಲ್ಲಿದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಅದೇ ದಿನ ನಾನೊಂದು ತಪ್ಪೂ ಮಾಡಿದೆ. ‘ಗಂಡಸಾಗಿ ಅಂಜತೀಯೇನೋ’ ಅಂತ ಒಬ್ಬ ಹುಡುಗನನ್ನು ಬಲವಂತವಾಗಿ ಹತ್ತಿಸಿದೆ. ಎಂಟು ಅಡಿಗೆ ಅಳುತ್ತ ಇಳಿದ, ಬಸ್ಸಿನಲ್ಲಿ ಯಾರಿಗೂ ಮುಖ ತೋರಿಸಲಿಲ್ಲ. ‘ಹತ್ತೂದು ಬಿಡೂದು ಅವನಿಗೇ ಬಿಡ್ರಿ ಸರ’ ಅಂದರು ತರಬೇತುದಾರರು. ಮುಂದಿನ ಸಲ ಅವನು ಹತ್ತಲಿಲ್ಲ, ಎಲ್ಲರ ಗಂಟು ಪರೀಕ್ಷಿಸುವ ಕೆಲಸ ಕೇಳಿ ಪಡೆದ. ಒಬ್ಬರದ್ದೂ ಬಿಡಲಿಲ್ಲ, ನನ್ನದನ್ನೂ!

ಈ ಕಲಿಕೆ ಹೊಸದೇನಲ್ಲ. ಎರಡನೇ ಮಹಾಯುದ್ಧದಲ್ಲಿ ಹಡಗು ಮುಳುಗಿದಾಗ ಗಟ್ಟಿಮುಟ್ಟಾದ ಹುಡುಗರಿಗಿಂತ ವಯಸ್ಸಾದ ನಾವಿಕರೇ ಜಾಸ್ತಿ ಬದುಕಿ ಬರುತ್ತಿದ್ದರಂತೆ. ತೋಳಿನ ಬಲ ಸಾಲದು ಅಂತ ಕಂಡ ಕರ್ಟ್ ಹಾನ್ ಎಂಬ ಶಿಕ್ಷಕ, ಲಾರೆನ್ಸ್ ಹೋಲ್ಟ್ ಎಂಬ ಹಡಗು ಕಂಪನಿಯವರ ಜೊತೆ ಸೇರಿ 1941ರಲ್ಲಿ ವೇಲ್ಸ್‌ನಲ್ಲಿ, ಸಾಹಸದ ಮೂಲಕ ಕಲಿಸುವ ಔಟ್‌ವರ್ಡ್ ಬೌಂಡ್ ಶಾಲೆ ತೆರೆದರು. ಶಿಕ್ಷಣ ಸಂಶೋಧಕ ಜಾನ್ ಹ್ಯಾಟಿ ಮತ್ತು ಸಂಗಡಿಗರು 1997ರಲ್ಲಿ ಇಂಥ ಸಾಹಸ ಶಿಬಿರಗಳ ಮೇಲಿನ 96 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಭಾಗವಹಿಸಿದವರಲ್ಲಿ ಬಂದ ಬದಲಾವಣೆ ಮನೆಗೆ ಹೋದ ಮೇಲೆ ಕರಗುವುದಿರಲಿ, ಇನ್ನಷ್ಟು ಬೆಳೆದದ್ದು ಕಂಡಿತು. ಹೆಚ್ಚು ದಿನದ ಶಿಬಿರಗಳದ್ದೇ ಹೆಚ್ಚು ಫಲ. ನಮ್ಮ ಒಂದು ದಿನದ ಟ್ರಿಪ್ಪಿಗೆ ಇದು ಚುಚ್ಚುವ ಮಾತೇ, ಅಲ್ವಾ?

‘ಬಿದ್ದರ ಯಾರು ಹೊಣಿ?’ ಅಂತ ಪಾಲಕರು ಕೇಳುತ್ತಾರೆ. ಕೇಳಲೇಬೇಕು. ಹೆಲ್ಮೆಟ್ ಇದೆಯೇ, ಗಂಟನ್ನು ಎರಡನೆಯವರು ನೋಡಿದರೇ, ನಿನ್ನೆ ಮಳೆ ಆಗಿತ್ತೇ, ಇವನ್ನೂ ಕೇಳಿ. ಬಾದಾಮಿಯದು ಮರಳುಗಲ್ಲು, ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ, ಹಿಡಿದ ಅಂಚು ಕೈಗೇ ಬರಬಹುದು.

ಬಿಲೇ ಮಾಡಿದ ಆ ಹುಡುಗಿಯ ಅಪ್ಪ ಮನಸ್ಸಿಲ್ಲದೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವರು. ಇವಳು ಮನೆಗೆ ಹೋದವಳೇ ಅಲ್ಲಿ ಕಲಿತ ಎಂಟರ ಆಕಾರದ ಗಂಟನ್ನು ಎತ್ತಿನ ಹಗ್ಗಕ್ಕೆ ಹಾಕಿ ತೋರಿಸಿದ್ದಾಳೆ. ಎತ್ತು ರಾತ್ರಿಯೆಲ್ಲ ಜಗ್ಗಿದೆ, ಗಂಟು ಕಲ್ಲಾಗಿದೆ. ಬೆಳಿಗ್ಗೆ ನನಗೆ ಫೋನ್: ‘ಸರ, ಗಂಟು ಹಾಕೂದಷ್ಟ ಕಲಿಸೀರೇನು, ಬಿಚ್ಚೂದು ಯಾರು ಕಲಸ್ತಾರ್ರಿ?’

ನಮಸ್ಕಾರ.