ಟೊಪಗಿ ಹಾಕಿಕೊಂಡ ಪುಟ್ಟ ವೈರಿ

(ಹುಬ್ಬಳ್ಳಿಯಲ್ಲಿ, ವಿಡಿಯೋ ಗೇಮ್ ತಯಾರಿಸುತ್ತಿರುವ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ)

ವೇದಿಕೆಯ ಮೇಲಿರುವ ಹಿರಿಯರೇ, ಗುರುಗಳೇ, ರಾತ್ರಿಯೆಲ್ಲ ನಿದ್ದೆಗೆಟ್ಟು ಕೋಡ್ ಬರೆದು ಈಗ ಕಣ್ಣು ಉಜ್ಜಿಕೊಳ್ಳುತ್ತ ಕೂತಿರುವ ಹುಡುಗ ಹುಡುಗಿಯರೇ, ಎಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ನಿಮ್ಮ ಆಟಗಳನ್ನೆಲ್ಲ ಒಂದು ಸುತ್ತು ನೋಡಿ ಬಂದೆ. ನಿಜವಾಗಿ ಖುಷಿಯಾಯ್ತು. ಆದರೆ ಒಂದು ವಿಷಯ ನೋಡಿದ ಮೇಲೆ ಸುಮ್ನೆ ಇರೋಕೆ ಆಗಲಿಲ್ಲ. ಆಟದ ಇತಿಹಾಸ, ಸಂಗೀತ, ಉದ್ಯೋಗ ಅಂತ ಏನೇನೋ ಬರೆದುಕೊಂಡು ಬಂದಿದ್ದೆ. ಅದೆಲ್ಲ ಹೊತ್ತು ಉಳಿದರೆ ನೋಡೋಣ.

ವಿಷಯ ಇಷ್ಟೇ. ನಿಮ್ಮೆಲ್ಲರ ಆಟದಲ್ಲೂ ಬಾಸ್, ಅಂದರೆ ಹಂತದ ಕೊನೆಗೆ ಬರುವ ದೊಡ್ಡ ವೈರಿ, ರೆಡಿ ಇದ್ದಾನೆ. ಒಬ್ಬನಿಗೆ ಹತ್ತು ತಲೆ. ಇನ್ನೊಬ್ಬ ಪರದೆ ತುಂಬ ಬೆಂಕಿ ಉಗುಳುತ್ತಾನೆ. ಬಹಳ ಚೆನ್ನಾಗಿ ಚಿತ್ರ ಬಿಡಿಸಿದ್ದೀರಿ. ಆದರೆ ಆಟ ಶುರುವಾದ ಕೂಡಲೇ ಎದುರಿಗೆ ಬರುವ ಚಿಕ್ಕ ವೈರಿ ಯಾರು ಅಂತ ಕೇಳಿದರೆ, "ಸರ್, ಅಲ್ಲಿ ಸದ್ಯಕ್ಕೆ ಒಂದು ಕೆಂಪು ಚೌಕ ಇಟ್ಟಿದ್ದೀವಿ, ಆಮೇಲೆ ಮಾಡ್ತೀವಿ" ಅಂದಿರಿ. ಒಬ್ಬರಲ್ಲ, ಕೇಳಿದವರೆಲ್ಲ ಹಾಗೇ ಅಂದಿರಿ! ನಾನು ಹೇಳೋಕೆ ಬಂದಿರುವುದು ಇದೇ. ಮೊದಲು ಆ ಚೌಕ ಮಾಡಿ. ಬಾಸ್ ಆಮೇಲೆ.

ಮೆಗಾ ಮ್ಯಾನ್ ಗೊತ್ತಲ್ವಾ ಎಲ್ಲರಿಗೂ? ವಿಡಿಯೋ ಗೇಮಿನ ನೀಲಿ ರೋಬೋಟ್ ಹುಡುಗ, ಕೈಯೇ ಬಂದೂಕು, ಒಳ್ಳೆಯ ವಿಜ್ಞಾನಿ ಲೈಟ್ ಡಾಕ್ಟರ್ ಕಡೆಯವನು, ಕೆಟ್ಟ ವಿಜ್ಞಾನಿ ವೈಲಿ ಡಾಕ್ಟರಿಗೆ ವೈರಿ. ಜಪಾನಿನಲ್ಲಿ ಅವನ ಹೆಸರು ರಾಕ್‌ಮ್ಯಾನ್. ಒಸಾಕಾದ ಕ್ಯಾಪ್‌ಕಾಮ್ ಕಂಪನಿ 1987ರ ಡಿಸೆಂಬರಿನಲ್ಲಿ ಮೊದಲ ಆಟ ಬಿಡುಗಡೆ ಮಾಡಿತು. ಚಿಕ್ಕ ತಂಡ. ಮುಂದಾಳು ಅಕಿರಾ ಕಿತಾಮುರಾ. ಆಗ ತಾನೇ ಕೆಲಸಕ್ಕೆ ಸೇರಿದ್ದ ಕೇಜಿ ಇನಾಫುನೆ ಚಿತ್ರ ಬರೆಯುತ್ತಿದ್ದರು. ಆ ಆಟದಲ್ಲಿ ಆರು ರೋಬೋಟ್ ಬಾಸ್‌ಗಳು. ಕಟ್ ಮ್ಯಾನ್, ಗಟ್ಸ್ ಮ್ಯಾನ್, ಐಸ್ ಮ್ಯಾನ್, ಬಾಂಬ್ ಮ್ಯಾನ್, ಫೈರ್ ಮ್ಯಾನ್, ಎಲೆಕ್ ಮ್ಯಾನ್. ಯಾರನ್ನು ಬೇಕಾದರೂ ಮೊದಲು ಎದುರಿಸಬಹುದು, ಗೆದ್ದರೆ ಅವರ ಆಯುಧ ನಮ್ಮದು.

ಮುಂದಿನ ಆಟಗಳಲ್ಲಿ ಬಾಸ್‌ಗಳು ಹೊಸಬರಾಗುತ್ತಲೇ ಹೋದರು. ಒಬ್ಬ ಪುಟ್ಟ ಮಾತ್ರ ಮತ್ತೆ ಮತ್ತೆ ಬಂದ. ಅವನ ಹೆಸರು ಮೆಟಾಲ್. ಆಡುವವರ ಬಾಯಲ್ಲಿ ಮೆಟ್. ಹಳದಿ ಹೆಲ್ಮೆಟ್, ಅದರ ಕೆಳಗೆ ಎರಡು ಕಣ್ಣು, ಅಷ್ಟೇ ಮೈ. ಚಿತ್ರಗಳಲ್ಲಿ ಹೆಲ್ಮೆಟ್ಟಿನ ಮೇಲೆ ಹಸಿರು ಪ್ಲಸ್ ಗುರುತು ಇರುತ್ತದೆ. ಜಪಾನಿನ ಕಾರ್ಖಾನೆ, ಕಟ್ಟಡ ಕೆಲಸದ ಜಾಗಗಳಲ್ಲಿ ಸುರಕ್ಷತೆಗೆ ಹಾಕುವ ಗುರುತು ಅದೇ. ಮೊದಲ ಆಟದಲ್ಲಿ ಅವನು ಸಿಗುವುದು ಗಟ್ಸ್ ಮ್ಯಾನ್‌ನ ಹಂತದಲ್ಲಿ. ಕಲ್ಲಿನ ಕ್ವಾರಿಯಂಥ ಜಾಗ, ಗುದ್ದಲಿ ಎಸೆಯುವ ಇನ್ನೊಬ್ಬ ರೋಬೋಟ್ ಕೂಡ ಅಲ್ಲಿದ್ದಾನೆ. ಅಂಥ ಕಡೆ ಹೆಲ್ಮೆಟ್ ಹಾಕಿಕೊಂಡ ಕೂಲಿಯವನು ಕೂತಿದ್ದರೆ ಯಾರೂ ಆಶ್ಚರ್ಯಪಡಲ್ಲ. ನೋಡಿದ ಕೂಡಲೇ ಒಪ್ಪಿಕೊಳ್ಳುತ್ತೀರಿ.

ಅವನು ಮಾಡುವ ಕೆಲಸವನ್ನು ನಿಧಾನವಾಗಿ ನೋಡಿ. ನೆಲದ ಮೇಲೆ ಹೆಲ್ಮೆಟ್ ಕವುಚಿಕೊಂಡಿದೆ. ಗುಂಡು ಹೊಡೆದರೆ ಟಿಂಗ್ ಅಂತ ಸಿಡಿದು ಹೋಗುತ್ತದೆ, ಏನೂ ಆಗಲ್ಲ. ನೀವು ಹತ್ತಿರ ಹೋಗುತ್ತೀರಿ. ಹೆಲ್ಮೆಟ್ ಎದ್ದೇಳುತ್ತದೆ. ಎರಡು ಕಣ್ಣು ಕಾಣುತ್ತವೆ. ಮೂರು ಗುಂಡು ಬರುತ್ತವೆ, ಒಂದು ಓರೆಯಾಗಿ ಮೇಲಕ್ಕೆ, ಒಂದು ನೇರ, ಒಂದು ಓರೆಯಾಗಿ ಕೆಳಕ್ಕೆ. ಒಂದು ಗಳಿಗೆ ಹಾಗೇ ಇರುತ್ತಾನೆ. ಮತ್ತೆ ಮುಚ್ಚಿಕೊಳ್ಳುತ್ತಾನೆ. ಆ ತೆರೆದ ಗಳಿಗೆಯಲ್ಲಿ ಒಂದೇ ಒಂದು ಗುಂಡು ತಗಲಿದರೆ ಮುಗೀತು. ಇಷ್ಟೇ ಅವನ ಬಾಳು.

ಇದರಲ್ಲಿ ಏನು ದೊಡ್ಡಸ್ತಿಕೆ ಅಂತೀರಾ? ಒಂದು ಪ್ರಸಂಗ ಹೇಳುತ್ತೇನೆ.

ನಾವು ಚಿಕ್ಕವರಿದ್ದಾಗ ಮನೆಮನೆಗೆ ಟಿವಿ ಗೇಮ್ ಬಂದಿದ್ದವು. ಸಮುರಾಯ್, ಲಿಟಲ್ ಮಾಸ್ಟರ್, ನಿಮ್ಮ ಅಪ್ಪ ಅಮ್ಮಂದಿರನ್ನು ಕೇಳಿ, ಅವರಿಗೆ ಗೊತ್ತಿರುತ್ತೆ. ಹಳೇ ಹುಬ್ಬಳ್ಳಿಯಲ್ಲಿ ನಮ್ಮ ದೊಡ್ಡವ್ವನ ಮನೆ. ಬೇಸಿಗೆ ರಜೆ. ಪಡಸಾಲೆಯಲ್ಲಿ ಟಿವಿ, ನೆಲಕ್ಕೆ ಮೈಚಾಚಿ ಮಲಗಿದ ಐದಾರು ಹುಡುಗರು. ಎಲ್ಲಿಂದಲೋ ರಾಕ್‌ಮ್ಯಾನ್ ಕ್ಯಾಸೆಟ್ ಸಿಕ್ಕಿತ್ತು. ನಮ್ಮ ಕಾಕಾನ ಮಗ ಆಡುತ್ತಿದ್ದ. ಮೆಟ್ ಎದುರಿಗೆ ಬಂತು. ಇವನು ಗುಂಡಿ ಒತ್ತಿದ್ದೇ ಒತ್ತಿದ್ದು. ಟಿಂಗ್, ಟಿಂಗ್, ಟಿಂಗ್. ಏನೂ ಆಗಲಿಲ್ಲ. ಹತ್ತಿರ ಹೋದ, ಗುಂಡು ತಿಂದ. ಮತ್ತೆ ಟಿಂಗ್ ಟಿಂಗ್. ಮತ್ತೆ ಗುಂಡು. ಕ್ಯಾಸೆಟ್ ಕೆಟ್ಟಿದೆ ಅಂತ ತೀರ್ಮಾನವಾಯ್ತು. ತೆಗೆದು ಊದಿ ಮತ್ತೆ ಹಾಕಿದ್ದೂ ಆಯ್ತು!

ದೊಡ್ಡವ್ವ ಅಲ್ಲೇ ಬಾಗಿಲ ಹತ್ತಿರ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂತಿದ್ದಳು. ಶಾಲೆಗೆ ಹೋದವಳಲ್ಲ. ವಿಡಿಯೋ ಗೇಮ್ ಅಂದರೆ ಏನು ಅಂತ ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಲೆ ಎತ್ತಿ, "ತಮ್ಮಾ, ಟೊಪಗಿ ಮ್ಯಾಲೆ ಯಾಕ ಹೊಡಿಯಾಕತ್ತಿ? ಅಂವ ಟೊಪಗಿ ಎತ್ತತಾನ ನೋಡು, ಆವಾಗ ಹೊಡಿ" ಅಂದಳು.

ಹೊಡೆದ. ಸತ್ತ.

ಹುಡುಗರೆಲ್ಲ ಕೂಗಿದ್ದೇ ಕೂಗಿದ್ದು. ದೊಡ್ಡವ್ವ ಮಾತ್ರ, "ಪಾಪ, ಅಂವನೂ ಹೆದರಿ ಕುಂತಾನ" ಅಂತ ಜೋಳ ಕೇರೋಕೆ ಶುರು ಮಾಡಿದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಅವನ ಹೆಸರು ಟೊಪಗ್ಯಾ. ಮರುದಿನ ಚಹಾ ತರುವಾಗ ಅವಳೇ ಕೇಳಿದಳು, "ನಿನ್ನ ಟೊಪಗ್ಯಾ ಬಂದನೇನು ಇವತ್ತ?"

ಯೋಚನೆ ಮಾಡಿ. ಪರದೆಯ ಮೇಲೆ ಒಂದು ಸಾಲು ಸೂಚನೆ ಇರಲಿಲ್ಲ. ಇದ್ದಿದ್ದರೂ ಓದೋಕೆ ಅವಳಿಗೆ ಬರುತ್ತಿರಲಿಲ್ಲ. ಒಸಾಕಾದಲ್ಲಿ ಕೂತು ಮಾಡಿದ ಒಂದು ನಿಯಮ ಹಳೇ ಹುಬ್ಬಳ್ಳಿಯ ಪಡಸಾಲೆಯಲ್ಲಿ, ಆಟ ಆಡದೆ ಬರೀ ನೋಡುತ್ತಿದ್ದ ಒಬ್ಬ ಹೆಂಗಸಿಗೆ ಅರ್ಥವಾಯ್ತು. ಯಾಕೆ? ಟೊಪಗ್ಯಾ ಮೋಸ ಮಾಡಲ್ಲ. ಮುಚ್ಚಿಕೊಂಡಾಗ ಯಾವತ್ತೂ ಸಾಯಲ್ಲ. ತೆರೆದಾಗ ಯಾವತ್ತೂ ಬದುಕಲ್ಲ. ಒಂದು ಸಲ ಹಾಗೆ, ಒಂದು ಸಲ ಹೀಗೆ ಅನ್ನೋದಿಲ್ಲ. ಇನ್ನೊಬ್ಬರಿಗೆ ಹೊಡೆಯೋಕೆ ಅಂತ ತಾನು ಟೊಪಗಿ ಎತ್ತಲೇಬೇಕು, ಎತ್ತಿದರೆ ತನಗೇ ಅಪಾಯ. ಹೊಡೆಯುವ ಗಳಿಗೆಯೂ ಸಾಯುವ ಗಳಿಗೆಯೂ ಒಂದೇ ಆಗಿರುವುದು ಎಂಥ ನ್ಯಾಯ ನೋಡಿ!

ನಿಮ್ಮ ಒಂದು ಆಟದಲ್ಲಿ, ಯಾರದು ಅಂತ ಹೇಳಲ್ಲ, ವೈರಿ ಒಮ್ಮೆ ಎರಡು ಗುಂಡಿಗೆ ಸತ್ತ, ಒಮ್ಮೆ ಐದು ಗುಂಡಿಗೆ. ಕೇಳಿದರೆ "ರ‍್ಯಾಂಡಮ್ ಇಟ್ಟಿದ್ದೀವಿ ಸರ್, ಕಷ್ಟ ಆಗಲಿ ಅಂತ" ಅಂದರು. ಮಕ್ಕಳೇ, ಅದು ಕಷ್ಟ ಅಲ್ಲ, ಮೋಸ. ಆಡುವವರು ಸೋತಾಗ ಅವರಿಗೆ "ಅರೆ, ನಾನು ಅವಸರ ಮಾಡಿದೆ" ಅನ್ನಿಸಬೇಕು. "ಈ ಆಟ ಸರಿ ಇಲ್ಲ" ಅನ್ನಿಸಬಾರದು.

ಗಂಗೂಬಾಯಿ ಹಾನಗಲ್ ಬಾಳಿದ ಊರಲ್ಲಿ ಕೂತಿದ್ದೀವಿ, ಅದಕ್ಕೇ ಹೇಳುತ್ತೇನೆ. ತೀನ್ ತಾಳದ 16 ಮಾತ್ರೆಯಲ್ಲಿ ಸಮ, ಅಂದರೆ ಸುತ್ತಿನ ಮೊದಲ ಮಾತ್ರೆ, ಎಲ್ಲಿ ಬೀಳುತ್ತದೆ ಅಂತ ಕೇಳುವವರಿಗೆ ಮೊದಲೇ ಗೊತ್ತಿರುತ್ತದೆ. ಗೊತ್ತಿರುವುದರಿಂದಲೇ ಕಾಯುವುದರಲ್ಲಿ ಸುಖ. ಗಾಯಕರು ಎಲ್ಲೆಲ್ಲೋ ಸುತ್ತಿ ಸರಿಯಾಗಿ ಅಲ್ಲಿಗೆ ಬಂದಾಗ ಸಭೆಯೆಲ್ಲ ತಲೆದೂಗುತ್ತದೆ. ಟೊಪಗ್ಯಾನ ಮುಂದೆ ನಿಂತವರೂ ಹಾಗೇ ಕಾಯುತ್ತಾರೆ. ಎತ್ತಿದ ಗಳಿಗೆ ಹೊಡೆದರೆ ಅದೇ ಸಂತೋಷ.

ಈಗ ಸ್ವಲ್ಪ ಯಂತ್ರದ ಮಾತು. ಹಿಂದಿನ ಬೆಂಚಿನವರು ಕಾಯುತ್ತಿದ್ದೀರಿ, ಗೊತ್ತು. ಆ ಕಾಲದ ನಿಂಟೆಂಡೊ ಯಂತ್ರದಲ್ಲಿ ಓಡಾಡುವ ಚಿತ್ರಗಳನ್ನೆಲ್ಲ 8 ಪಿಕ್ಸೆಲ್, ಅಂದರೆ 8 ಚುಕ್ಕೆ, ಅಗಲದ ತುಂಡುಗಳಾಗಿ ಜೋಡಿಸಬೇಕಿತ್ತು. ಒಂದು ತುಂಡಿಗೆ ಮೂರು ಬಣ್ಣ, ಮಿಕ್ಕಿದ್ದು ಪಾರದರ್ಶಕ. ಪರದೆಯ ಮೇಲೆ ಒಟ್ಟು 64 ತುಂಡು, ಒಂದು ಅಡ್ಡಗೆರೆಯಲ್ಲಿ ಎಂಟಕ್ಕಿಂತ ಜಾಸ್ತಿ ಬಂದರೆ ಮಿಕ್ಕಿದ್ದು ಕಾಣುವುದೇ ಇಲ್ಲ. ಅದಕ್ಕೇ ಹಳೇ ಆಟಗಳಲ್ಲಿ ಗದ್ದಲ ಜಾಸ್ತಿಯಾದಾಗ ಚಿತ್ರ ಮಿನುಗುತ್ತಿತ್ತು. ಇಡೀ ಮೊದಲ ಆಟ ಇದ್ದದ್ದು 128 ಕಿಲೋಬೈಟ್. ನೀವು ಈಗ ಫೋನಿನಲ್ಲಿ ತೆಗೆದ ಒಂದು ಫೋಟೋ ಅದರ ಎಷ್ಟೋ ಪಟ್ಟು ಇರುತ್ತದೆ. ಇಂಥ ಜಾಗದಲ್ಲಿ ಗಿಡ್ಡ ಮೈಯವನು, ಎದ್ದರೆ ಒಂದು ಚಿತ್ರ, ಮುಚ್ಚಿದರೆ ಇನ್ನೊಂದು, ಎಷ್ಟು ಅಗ್ಗ ನೋಡಿ. ನಿಮ್ಮ ಲ್ಯಾಪ್‌ಟಾಪಿಗೆ ಆ ಬಡತನ ಇಲ್ಲ. ಆದರೆ ನಿಮ್ಮ ಹತ್ತಿರ ಹೊತ್ತು ಕಡಿಮೆ, ಜನ ಕಡಿಮೆ. ಆ ಜಿಪುಣತನ ನಿಮಗೂ ಬೇಕು.

ಇನ್ನೊಂದು ಚಂದದ ಮಾತು. ಮೆಗಾ ಮ್ಯಾನ್‌ನ ಗುಂಡು ಪರದೆಯ ಮೇಲೆ ಒಂದು ಸಲಕ್ಕೆ ಮೂರೇ ಇರಬಹುದು. ಟೊಪಗ್ಯಾ ಹೊಡೆಯುವುದೂ ಮೂರು. ಸುಮ್ಮನೆ ಗುಂಡಿ ಒತ್ತುತ್ತಿದ್ದರೆ ಮೂರೂ ಖರ್ಚಾಗಿ, ಸರಿಯಾದ ಗಳಿಗೆಯಲ್ಲಿ ಕೈ ಖಾಲಿ ಇರಬಹುದು. ತಾಳ್ಮೆ ಕಲಿ ಅಂತ ಆಟ ಎಲ್ಲೂ ಬಾಯಿಬಿಟ್ಟು ಹೇಳಲ್ಲ. ಆದರೂ ಕಲಿಸುತ್ತದೆ.

ನಿಯಮ ಗಟ್ಟಿ ಇದ್ದರೆ ಅದರ ಮೇಲೆ ಏನು ಬೇಕಾದರೂ ಕಟ್ಟಬಹುದು. 1988ರ ಎರಡನೇ ಆಟದಲ್ಲಿ ಟೊಪಗ್ಯಾನಿಗೆ ಕಾಲು ಬಂತು, ಹೊಡೆದು ಓಡೋಕೆ ಶುರು ಮಾಡಿದ. 1990ರ ಮೂರನೇ ಆಟದಲ್ಲಿ ತಲೆಯ ಮೇಲೆ ಪಂಖ ಬಂತು, ಹಾರಿದ. 1991ರ ನಾಲ್ಕನೆಯದರಲ್ಲಿ ನೀರಿನಲ್ಲಿ ಈಜಿದ. ಅದೇ ಆಟದಲ್ಲಿ ವೈಲಿಯ ಕೋಟೆಯ ಮೊದಲ ಬಾಸ್ ಯಾರು ಗೊತ್ತಾ? ಮೆಟಾಲ್ ಡ್ಯಾಡಿ! ದೊಡ್ಡ ಟೊಪಗ್ಯಾ. ಅವನು ಧೊಪ್ಪಂತ ನೆಲಕ್ಕೆ ಬಿದ್ದರೆ ಮೇಲಿನಿಂದ ಪುಟ್ಟ ಟೊಪಗ್ಯಾಗಳು ಉದುರುತ್ತವೆ. ಬಾಸ್ ಹುಟ್ಟಿದ್ದು ಚಿಕ್ಕವನಿಂದ. ನೀವು ಉಲ್ಟಾ ಮಾಡುತ್ತಿದ್ದೀರಿ. ಅದಕ್ಕೇ ಮತ್ತೆ ಹೇಳುತ್ತೇನೆ, ಮೊದಲು ಆ ಚೌಕ ಮಾಡಿ.

ಏನು, ಚೀಟಿ ಬಂತಾ? ಊಟದ ಹೊತ್ತಾಯ್ತಂತೆ. ಸರಿ, ಉಳಿದದ್ದನ್ನು ಓಡಿಸಿಬಿಡುತ್ತೇನೆ.

2001ರಲ್ಲಿ ಬ್ಯಾಟಲ್ ನೆಟ್‌ವರ್ಕ್ ಅಂತ ಮೆಗಾ ಮ್ಯಾನ್ ಹೆಸರಿನದೇ ಬೇರೆಯೊಂದು ಸರಣಿ ಬಂತು. ಅಲ್ಲಿ ಟೊಪಗ್ಯಾ ಕಂಪ್ಯೂಟರ್ ವೈರಸ್. ಕೈಯಲ್ಲಿ ಗುದ್ದಲಿ, ನೆಲಕ್ಕೆ ಹೊಡೆದರೆ ಸಾಲಿನುದ್ದಕ್ಕೂ ಅಲೆ ಬರುತ್ತದೆ. ಅಲ್ಲೂ ಹೊಸಬರಿಗೆ ಮೊದಲ ಪಾಠ ಅವನದೇ. 2008ರಲ್ಲಿ ಒಂಬತ್ತನೇ ಆಟವನ್ನು ಬೇಕಂತಲೇ ಆ ಹಳೇ ನಿಂಟೆಂಡೊ ಕಾಲದ ಎಂಟು ಬಿಟ್ ರೂಪದಲ್ಲಿ ಮಾಡಿದರು. 2018ರ ಹನ್ನೊಂದನೆಯದರಲ್ಲಿ ಚಿತ್ರವೆಲ್ಲ ಹೊಸದು, ಟೊಪಗಿ ಅದೇ. ಶಬ್ದದ ಬಗ್ಗೆ ಒಂದೇ ಮಾತು. ಆ ಟಿಂಗ್ ಇಲ್ಲದಿದ್ದರೆ ಗುಂಡು ತಗಲಲಿಲ್ಲವೋ, ತಗಲಿಯೂ ಏನೂ ಆಗಲಿಲ್ಲವೋ ಗೊತ್ತಾಗಲ್ಲ. ಎರಡಕ್ಕೂ ಬೇರೆ ಬೇರೆ ಶಬ್ದ ಇಡಿ.

ಪರೀಕ್ಷೆ ಹೇಗೆ ಅಂತ ಅಲ್ಲಿ ಕೈ ಎತ್ತಿದ್ದೀಯಲ್ಲಮ್ಮ, ಹೇಳುತ್ತೇನೆ. ಈ ವಾರ ಮನೆಗೆ ಹೋದಾಗ ಆಟ ಆಡದವರ ಮುಂದೆ ಲ್ಯಾಪ್‌ಟಾಪ್ ಇಡಿ. ಅಜ್ಜಿ, ಅತ್ತೆ, ಯಾರಾದರೂ ಸರಿ. ನೀವು ಆಡಿ, ಅವರು ನೋಡಲಿ. ನೀವು ಬಾಯಿ ಬಿಡಬೇಡಿ. ವೈರಿಯನ್ನು ಯಾವಾಗ ಹೊಡೆಯಬೇಕು ಅಂತ ಅವರೇ ಹೇಳಿದರೆ ನಿಮ್ಮ ನಿಯಮ ಸರಿ ಇದೆ. ಹೇಳದಿದ್ದರೆ ನಾವು ಎಷ್ಟು ಹತ್ತಿರ ಹೋದಾಗ ವೈರಿ ಏಳುತ್ತಾನೆ, ಎಷ್ಟು ಹೊತ್ತು ತೆರೆದಿರುತ್ತಾನೆ, ಈ ಎರಡು ಅಂಕಿ ಬದಲಿಸಿ ಮತ್ತೆ ತೋರಿಸಿ. ದಯವಿಟ್ಟು ಆ ಎರಡು ಅಂಕಿಗಳನ್ನು ಕೋಡಿನ ಹೊಟ್ಟೆಯೊಳಗೆ ಹೂತಿಡಬೇಡಿ. ಬೇರೆ ಫೈಲಿನಲ್ಲಿ ಇಡಿ, ಬಹಳ ಸಲ ತಿದ್ದಬೇಕಾಗುತ್ತದೆ.