ಚಿಗವ್ವನ ಡಬ್ಬಿಯಲ್ಲಿ ಉಳಿದ ದುಡ್ಡು

ಎಲ್ಲರಿಗೂ ನಮಸ್ಕಾರ. ಈ ಸಪ್ಪಳ ಕೇಳಿಸಿತಾ? ಇದು ಬಿಸ್ಕೀಟಿನ ಹಳೆಯ ತಗಡಿನ ಡಬ್ಬಿ. ಒಳಗಿರುವುದು ನಾಣ್ಯ. ಆನೆಗೊಂದಿಯ ನಮ್ಮ ಚಿಗವ್ವನದು. ಒಂದು ವಾರಕ್ಕೆ ಅಂತ ಕೇಳಿ ಗಂಗಾವತಿಗೆ ತಂದಿದ್ದೇನೆ.

ಚಿಗವ್ವ ವಿರೂಪಾಪುರ ಗಡ್ಡೆಯ ಒಂದು ಗೆಸ್ಟ್ ಹೌಸಿನಲ್ಲಿ ಅಡುಗೆ ಮಾಡುತ್ತಿದ್ದಳು. ಹಂಪಿ ನೋಡಲು ಬಂದ ವಿದೇಶದವರು ಹೊಳೆ ದಾಟಿ ಬಂದು ಇಲ್ಲಿ ವಾರಗಟ್ಟಲೆ ಉಳಿಯುತ್ತಿದ್ದರು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ಗಡ್ಡೆಯ ರೆಸಾರ್ಟುಗಳನ್ನು ಕೆಡವಿದರು. ಕೆಲಸ ಹೋಯಿತು, ಡಬ್ಬಿ ಉಳಿಯಿತು.

ಊರಿಗೆ ಹೊರಡುವ ದಿನ ಎಷ್ಟೋ ಜನ ಅಡುಗೆಮನೆಗೆ ಬಂದು ಕೈ ಮುಗಿದು, ಜೇಬಿನಲ್ಲಿ ಉಳಿದ ತಮ್ಮ ದೇಶದ ಚಿಲ್ಲರೆ ಕೊಟ್ಟು ಹೋಗುತ್ತಿದ್ದರಂತೆ. ಪ್ರೀತಿಯಿಂದಲೇ ಕೊಟ್ಟಿದ್ದಾರೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಚಿಗವ್ವ ಒಂದನ್ನೂ ಕಳೆದಿಲ್ಲ.

ಮೊನ್ನೆ ಇಬ್ಬರೂ ಚಾಪೆ ಮೇಲೆ ಡಬ್ಬಿ ಸುರುವಿಕೊಂಡು ಕೂತೆವು. ಆಕೆ ಚಿತ್ರ ನೋಡಿ ಬೇರೆ ಬೇರೆ ಗಂಟು ಕಟ್ಟಿದ್ದಳು. ಹದ್ದಿನ ಗಂಟು ಒಂದು, ಮರದ ಗಂಟು ಒಂದು, ತಂತಿ ವಾದ್ಯದ್ದು ಇನ್ನೊಂದು. ಹದ್ದು ಜರ್ಮನಿಯದು, ಮರ ಫ್ರಾನ್ಸಿನದು, ವಾದ್ಯ ಐರ್ಲೆಂಡಿನದು. ಆದರೆ ಮೂರೂ ಯೂರೋನೇ. ಯೂರೋ ನಾಣ್ಯದ ಒಂದು ಬದಿ ಎಲ್ಲ ಕಡೆ ಒಂದೇ, ಇನ್ನೊಂದು ಬದಿಯನ್ನು ಆಯಾ ದೇಶ ತನಗೆ ಬೇಕಾದಂತೆ ಅಚ್ಚು ಹಾಕುತ್ತದೆ. ಹದ್ದಿನ ಯೂರೋ ಫ್ರಾನ್ಸಿನಲ್ಲೂ ನಡೆಯುತ್ತದೆ. ಇದನ್ನು ಹೇಳಿದಾಗ ಚಿಗವ್ವ ಮೂರೂ ಗಂಟು ಬಿಚ್ಚಿ ಒಂದೇ ಗುಡ್ಡೆ ಮಾಡಿದಳು. ಎರಡು ಯೂರೋದ್ದು 14, ಒಂದು ಯೂರೋದ್ದು 11. ಒಟ್ಟು 39 ಯೂರೋ. ಒಂದಕ್ಕೆ 90 ರೂಪಾಯಿ ಅಂತ ಕಡಿಮೆ ಹಿಡಿದರೂ ಮೂರೂವರೆ ಸಾವಿರ ದಾಟುತ್ತದೆ. ಖರ್ಜೂರದ ಮರ ಇರುವ ಇಸ್ರೇಲಿನ ಹತ್ತು ಶೆಕೆಲ್ ನಾಣ್ಯಗಳು ಬೇರೆ.

"ನಡೀತಾವೇನೋ ತಮ್ಮಾ ಇವು?" ಅಂತ ಕೇಳಿದಳು.

ಅಲ್ಲಿ ನಡೆಯುತ್ತವೆ ಚಿಗವ್ವಾ, ಇಲ್ಲಿ ಇಲ್ಲ. ಅಷ್ಟೇ ಹೇಳಲು ಸಾಧ್ಯವಾಯಿತು. ವಿದೇಶಿ ಹಣ ಕೊಳ್ಳುವವರು ಸಾಮಾನ್ಯವಾಗಿ ನೋಟು ಮಾತ್ರ ತೆಗೆದುಕೊಳ್ಳುತ್ತಾರೆ. ನಾಣ್ಯ ಭಾರ. ಎಣಿಸಬೇಕು, ಬೇರೆ ಮಾಡಬೇಕು, ಕೊನೆಗೆ ಅದರ ದೇಶಕ್ಕೇ ಸಾಗಿಸಬೇಕು. ಆ ಖರ್ಚು ಅವರಿಗೆ ಗಿಟ್ಟುವುದಿಲ್ಲ.

ಡಬ್ಬಿಯ ತಳದಲ್ಲಿ ಆರು ದುಂಡು ಪೌಂಡ್ ನಾಣ್ಯ ಇದ್ದವು. ಬ್ರಿಟನ್ನಿನಲ್ಲಿ ಈಗ ಹನ್ನೆರಡು ಅಂಚಿನ ಎರಡು ಬಣ್ಣದ ಪೌಂಡ್ ಚಲಾವಣೆಯಲ್ಲಿದೆ. ದುಂಡನೆಯದು 2017ರ ಅಕ್ಟೋಬರ್ 15ಕ್ಕೇ ಅಂಗಡಿಗಳಲ್ಲಿ ನಿಂತುಹೋಯಿತು. ಮಗಳ ಕಾಲೇಜಿಗೆ ಆಗುತ್ತವೆ ಅಂತ ಆಕೆ ಇಟ್ಟುಕೊಂಡಿದ್ದಳು.

ಅದಕ್ಕೇ ನನ್ನ ಮಾತು ಇಷ್ಟು. ವಿದೇಶಿ ನಾಣ್ಯ ನಮ್ಮ ಕಡೆ ಟಿಪ್ಸ್ ಅಲ್ಲ. ಅದು ನೆನಪಿನ ಕಾಣಿಕೆ. ಬಿಸಿಲಲ್ಲಿ ಹರಿಗೋಲು ಹಾಕಿದವನಿಗೆ, ಪಾತ್ರೆ ತೊಳೆದವಳಿಗೆ ಕೊಡಬೇಕಾದದ್ದು ರೂಪಾಯಿ. ಇದನ್ನು ಪ್ರವಾಸಿಗರಿಗೆ ಹೇಳಬೇಕಾದವರು ನಾವು. ಸಾಣಾಪುರ, ಆನೆಗೊಂದಿಯ ಹೋಂಸ್ಟೇ ಮಾಲೀಕರೇ, ಗೈಡ್ ಅಣ್ಣಂದಿರೇ, ಕೋಣೆಯ ಬಾಗಿಲ ಹಿಂದೆ ಊಟದ ಹೊತ್ತು, ವೈಫೈ ಪಾಸ್‌ವರ್ಡ್ ಬರೆದು ಅಂಟಿಸುತ್ತೀರಲ್ವಾ? ಅದರ ಕೆಳಗೆ ಇನ್ನೊಂದು ಸಾಲು ಬರೆಯಿರಿ: "ನಿಮ್ಮ ನಾಣ್ಯ ಇಲ್ಲಿ ಬದಲಾಗುವುದಿಲ್ಲ, ದಯವಿಟ್ಟು ರೂಪಾಯಿ ಕೊಡಿ." ಬಂದವರು ಬೇಜಾರು ಮಾಡಿಕೊಳ್ಳುವುದಿಲ್ಲ. ಅವರಿಗೆ ಗೊತ್ತಿಲ್ಲ, ಅಷ್ಟೇ. ಟಿಪ್ಸ್ ತೆಗೆದುಕೊಳ್ಳುವವರೂ ಸಂಕೋಚ ಬಿಟ್ಟು ಅಲ್ಲೇ ಕೇಳಿ. ದುಡಿದವರು ಕೇಳುವುದರಲ್ಲಿ ತಪ್ಪೇನಿಲ್ಲ.

ಇನ್ನು ನೋಟಿನ ವಿಷಯ. ಇದು ನನಗೆ ಸಿಟ್ಟು ತರಿಸಿದ ಭಾಗ.

ಚಿಗವ್ವನ ಹತ್ತಿರ 20 ಯೂರೋದ ಎರಡು ನೋಟೂ ಇದ್ದವು. ಪರಿಚಯದ ಒಬ್ಬ ಏಜೆಂಟ್ ಬಂದು, "ಇಂಥವು ಮನೆಯಲ್ಲಿ ಸಿಕ್ಕರೆ ಪೊಲೀಸ್ ಕೇಸ್ ಆಗುತ್ತದೆ" ಅಂತ ಹೆದರಿಸಿ, ಎರಡಕ್ಕೂ ಸೇರಿ ಒಂದು ಸಾವಿರ ಕೊಟ್ಟು ಒಯ್ದ. ಅದೇ 90ರ ಲೆಕ್ಕದಲ್ಲಿ ಅವುಗಳ ಬೆಲೆ 3,600. ಆಕೆ ಆ ಸಾವಿರಕ್ಕೂ ಅವನಿಗೆ ಉಪಕಾರ ಹೇಳಿ ಕಳಿಸಿದ್ದಳು.

ದಯವಿಟ್ಟು ಇದನ್ನು ಮನೆಯ ಹಿರಿಯರಿಗೆಲ್ಲ ಕೇಳಿಸಿ. ನಮ್ಮ ದೇಶಕ್ಕೆ ಬಂದ ವಿದೇಶಿ ಪ್ರವಾಸಿ ಖುಷಿಯಿಂದ ಕೊಟ್ಟ ನೋಟು, ಅಥವಾ ಮಾಡಿದ ಕೆಲಸಕ್ಕೆ ಕೊಟ್ಟ ನೋಟು ಇಟ್ಟುಕೊಳ್ಳುವುದು ಅಪರಾಧ ಅಲ್ಲ. ವಿದೇಶಿ ಹಣದ ವ್ಯವಹಾರಕ್ಕೆ ಇರುವ ಫೆಮಾ ಕಾನೂನಿನ ನಿಯಮದಲ್ಲೇ ಇದಕ್ಕೆ ಅವಕಾಶ ಇದೆ. ಎಲ್ಲ ಸೇರಿ 2,000 ಡಾಲರ್ ಬೆಲೆಯ ತನಕ ಇಟ್ಟುಕೊಳ್ಳಬಹುದು. ನಾಣ್ಯಕ್ಕೆ ಮಿತಿಯೇ ಇಲ್ಲ. ಅಪರಾಧ ಯಾವುದು ಗೊತ್ತಾ? ಲೈಸೆನ್ಸ್ ಇಲ್ಲದೆ ನೋಟು ಕೊಂಡು ಮಾರುವುದು. ಹೆದರಬೇಕಾಗಿದ್ದದ್ದು ಚಿಗವ್ವ ಅಲ್ಲ, ಅವನು.

ನೋಟು ಕೊಡಬೇಕಾದದ್ದು ಬ್ಯಾಂಕಿಗೆ, ಇಲ್ಲವೇ ರಿಸರ್ವ್ ಬ್ಯಾಂಕ್ ಲೈಸೆನ್ಸ್ ಕೊಟ್ಟ ಮನಿ ಚೇಂಜರ್‌ಗೆ. ಗುರುತಿನ ಚೀಟಿ ಒಯ್ಯಿರಿ. ಆ ದಿನದ ಕೊಳ್ಳುವ ದರ ಕೇಳಿ. ಮೊಬೈಲಿನಲ್ಲಿ ಕಾಣುವ ದರಕ್ಕಿಂತ ಅದು ಸ್ವಲ್ಪ ಕಡಿಮೆ ಇರುತ್ತದೆ, ಅದು ಅವರ ವ್ಯಾಪಾರ. ಆದರೆ ರಸೀದಿ ಕೊಡಲೇಬೇಕು. ನಮ್ಮಂಥವರಿಗೆ ಒಂದು ಸಲಕ್ಕೆ 1,000 ಡಾಲರ್ ಬೆಲೆಯ ತನಕ ನಗದು ಕೊಡಬಹುದು. ಜಿಎಸ್‌ಟಿ ಕನಿಷ್ಠ 45 ರೂಪಾಯಿ ಬೀಳುತ್ತದೆ, ಮೊತ್ತ ಎಷ್ಟೇ ಸಣ್ಣದಿರಲಿ. ಐದು ಯೂರೋದ ಒಂದೇ ನೋಟು ಒಯ್ದರೆ ಹತ್ತರಲ್ಲಿ ಒಂದು ಪಾಲು ಅಲ್ಲೇ ಹೋಯಿತು. ನಾಲ್ಕಾರು ನೋಟು ಕೂಡಿದ ಮೇಲೆ ಒಮ್ಮೆ ಹೋಗುವುದು ಒಳ್ಳೆಯದು.

ಹಾಗಂತ ವರ್ಷಗಟ್ಟಲೆ ಇಡಬೇಡಿ. ನೋಟಿಗೂ ವಯಸ್ಸಾಗುತ್ತದೆ. ಬ್ರಿಟನ್ನಿನ ಕಾಗದದ 20, 50 ಪೌಂಡ್ ನೋಟು 2022ರ ಸೆಪ್ಟೆಂಬರ್ 30ಕ್ಕೆ ಚಲಾವಣೆಯಿಂದ ಹೋದವು. ಬ್ಯಾಂಕ್ ಆಫ್ ಇಂಗ್ಲೆಂಡ್ ಈಗಲೂ ಅವನ್ನು ಬದಲಿಸಿ ಕೊಡುತ್ತದೆ, ಆದರೆ ಕೊಪ್ಪಳದಿಂದ ಲಂಡನ್ನಿಗೆ ಹೋಗುವವರು ಯಾರು? ಕುವೈತಿನ ಹಳೆಯ ಐದನೇ ಸರಣಿಯ ನೋಟುಗಳನ್ನು ಬದಲಿಸುವ ಗಡುವು 2025ರ ಏಪ್ರಿಲ್ 18ಕ್ಕೆ ಮುಗಿಯಿತು. ಕೊಲ್ಲಿಯಿಂದ ಬಂದವರು ಕಪಾಟಿನಲ್ಲಿ ಮಡಚಿಟ್ಟದ್ದನ್ನು ಇವತ್ತೇ ತೆಗೆದು ನೋಡಿ. ಪ್ರವಾಸ ಮುಗಿಸಿ ಬಂದವರಲ್ಲಿ 2,000 ಡಾಲರಿಗಿಂತ ಜಾಸ್ತಿ ಉಳಿದಿದ್ದರೆ, ಹೆಚ್ಚಿನದನ್ನು 180 ದಿನದೊಳಗೆ ಒಪ್ಪಿಸಲೇಬೇಕು. ಹಾಗೇ ಬರುವಾಗ ಚಿಲ್ಲರೆಯನ್ನು ಅಲ್ಲಿನ ಏರ್‌ಪೋರ್ಟಿನಲ್ಲೇ ಒಂದು ನೀರಿನ ಬಾಟಲಿಗೋ ಚಾಕಲೇಟಿಗೋ ಖರ್ಚು ಮಾಡಿ ಬನ್ನಿ. ಕೆಲವು ವಿಮಾನಗಳಲ್ಲಿ ಯುನಿಸೆಫ್‌ನ ಲಕೋಟೆ ಕೊಡುತ್ತಾರೆ. ಅದಕ್ಕೆ ಹಾಕಿದ ಚಿಲ್ಲರೆ ಮಕ್ಕಳಿಗೆ ಹೋಗುತ್ತದೆ.

ಒಂದು ಕೆಲಸ ಮಾತ್ರ ನಾವು ಮಾಡಲಾಗದ್ದು, ಬ್ಯಾಂಕಿನವರು ಮಾಡಬೇಕಾದದ್ದು. ಕಳೆದ ತಿಂಗಳು ಚಿಗವ್ವನ ಹತ್ತಿರ ಉಳಿದಿದ್ದ ಒಂದು ಹತ್ತು ಯೂರೋ ನೋಟು ಹಿಡಿದು ಗಂಗಾವತಿಯ ಒಂದು ಶಾಖೆಗೆ ಹೋದೆ. "ನಮ್ಮಲ್ಲಿ ಆಗುವುದಿಲ್ಲ, ಬೆಂಗಳೂರಿಗೆ ಹೋಗಿ" ಅಂದರು. ಒಂಬೈನೂರು ರೂಪಾಯಿಯ ನೋಟಿಗೆ ಬೆಂಗಳೂರು! ಈ ಕಡೆ ಹಂಪಿ, ಆ ಕಡೆ ಅಂಜನಾದ್ರಿ. ವಿದೇಶಿ ಪ್ರವಾಸಿಗರನ್ನು ಕರೆಯಲು ಬೋರ್ಡು ಹಾಕುತ್ತೇವೆ, ರಸ್ತೆ ಮಾಡುತ್ತೇವೆ. ಅವರು ಕೊಟ್ಟ ನೋಟನ್ನು ರೂಪಾಯಿ ಮಾಡಿಕೊಡಲು ವಾರಕ್ಕೆ ಒಂದು ದಿನ, ಎರಡು ತಾಸು ಒಂದು ಕೌಂಟರ್ ತೆರೆಯಲು ಆಗುವುದಿಲ್ಲವೇ? ಸಂತೆಯ ದಿನ ಇಡಿ ಸಾಕು, ಹಳ್ಳಿಯವರು ಹೇಗೂ ಬರುತ್ತಾರೆ. ಆ ಕೌಂಟರ್ ಇಲ್ಲದ್ದಕ್ಕೇ ಏಜೆಂಟ್ ಮನೆ ಬಾಗಿಲಿಗೆ ಬಂದದ್ದು.

ಜಿಲ್ಲೆಯ ಬ್ಯಾಂಕುಗಳ ಕೆಲಸವನ್ನು ಹೊಂದಿಸುವ ಲೀಡ್ ಬ್ಯಾಂಕ್ ಮ್ಯಾನೇಜರ್ ಸಾಹೇಬರಿಗೆ ಒಂದು ಅರ್ಜಿ ಬರೆದಿದ್ದೇನೆ. ಆನೆಗೊಂದಿಯಲ್ಲಿ ಹನ್ನೊಂದು ಜನ ಸಹಿ ಹಾಕಿದ್ದಾರೆ. ಮೊದಲ ಸಹಿ ಚಿಗವ್ವನದು. ಶುಕ್ರವಾರ ಸಾಣಾಪುರಕ್ಕೆ ಹೋಗುತ್ತೇನೆ, ಹರಿಗೋಲಿನವರು ಸಂಜೆ ಐದರ ಮೇಲೆ ಬಿಡುವಾಗುತ್ತಾರಂತೆ. ಆ ಕಡೆಯವರು ಯಾರಾದರೂ ನೋಡುತ್ತಿದ್ದರೆ ಅಲ್ಲಿಗೇ ಬನ್ನಿ. ಮನೆಯಲ್ಲಿ ಇಂಥ ಡಬ್ಬಿ ಇದ್ದರೆ ಅದನ್ನೂ ತನ್ನಿ, ಯಾವ ದೇಶದ್ದು, ಇನ್ನೂ ನಡೆಯುತ್ತದಾ ಅಂತ ಕೂತು ನೋಡೋಣ.